ಲೋಕಸಭೆಯ ಕಾಯ್ದೆಗಳನ್ನು ಓದೋದು ಹೇಗೆ? ಮೂರು ತಾರೀಕು ಬರೆದುಕೊಳ್ಳಿ

ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರ್ ಒಂದರ ಟೆಸ್ಟ್‌ನಲ್ಲಿ, ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2023ರಲ್ಲಿ ಎಂದು ಟಿಕ್ ಹಾಕಿ ಬಂದೆ. ಹೆಸರಲ್ಲೇ 2023 ಇದೆ, ಅಲ್ವಾ? ತಪ್ಪು. ಮೇಲೆ ನೆಗೆಟಿವ್ ಮಾರ್ಕ್ ಬೇರೆ.

ಆಮೇಲೆ ಓದುವ ಕ್ರಮವನ್ನೇ ಬದಲಿಸಿದೆ. ಕೆಎಎಸ್, ಪಿಎಸ್‌ಐ, ಯಾವುದಕ್ಕೆ ಓದುತ್ತಿದ್ದರೂ ನಡೆಯುತ್ತದೆ.

ಒಂದೇ ಲೋಕಸಭೆ ಹಿಡಿಯಿರಿ. ನಾನು ಹಿಡಿದದ್ದು 17ನೆಯದು, 2019ರ ಜೂನ್‌ನಿಂದ 2024ರ ಜೂನ್‌ವರೆಗೆ. ನೋಟ್‌ಬುಕ್ ಅಡ್ಡ ಇಟ್ಟು ಮೂರು ಗೆರೆ ಎಳೆಯಿರಿ, ನಾಲ್ಕು ಮನೆ ಆಗುತ್ತದೆ. ಹೆಸರು, ಸಂಸತ್ತು ಒಪ್ಪಿದ ದಿನ, ರಾಷ್ಟ್ರಪತಿ ಅಂಕಿತದ ದಿನ, ಜಾರಿಯಾದ ದಿನ.

ನ್ಯಾಯ ಸಂಹಿತೆಗೆ 2023ರ ಡಿಸೆಂಬರ್ 21, ಡಿಸೆಂಬರ್ 25, ಆಮೇಲೆ 2024ರ ಜುಲೈ 1. ಅದರಲ್ಲೂ ಗುದ್ದಿ ಓಡಿಹೋಗುವ ಚಾಲಕರ ಮೇಲಿನ ಸೆಕ್ಷನ್ 106(2) ಅವತ್ತು ಜಾರಿಯಾಗಲಿಲ್ಲ. ಆ ಜನವರಿಯಲ್ಲಿ ಲಾರಿಯವರು ಮುಷ್ಕರ ಹೂಡಿದ್ದರು. ಇಂಥದ್ದನ್ನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ.

ಕೊನೆಯ ಮನೆ ತುಂಬೋದೇ ಕಷ್ಟ. ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆ ತೆರೆದು ಮೊದಲು 1ನೇ ಸೆಕ್ಷನ್ ನೋಡಿ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ತಿಳಿಸುವ ದಿನದಿಂದ ಎಂದಿದ್ದರೆ ಸುಮ್ನೆ ಊಹಿಸಬೇಡಿ, ಅಧಿಸೂಚನೆ ಹುಡುಕಿ. ವೇತನ ಸಂಹಿತೆಗೆ (ವೇಜ್ ಕೋಡ್) 2019ರ ಆಗಸ್ಟ್‌ನಲ್ಲೇ ಅಂಕಿತ ಬಿತ್ತು. ಬಹುಪಾಲು ಜಾರಿಯಾದದ್ದು 2025ರ ನವೆಂಬರ್ 21ಕ್ಕೆ. ಪೀಣ್ಯದ ಕಾರ್ಖಾನೆಯಲ್ಲಿರುವ ನಮ್ಮ ಮಾವ ಅಷ್ಟು ವರ್ಷವೂ "ಬಂತೇನೋ ನಿಮ್ಮ ಕೋಡು?" ಅಂತ ಕೇಳುತ್ತಲೇ ಇದ್ದರು.

ಮೂರು ಕೃಷಿ ಕಾಯ್ದೆಗಳಿಗೆ ಕೆಂಪು ಪೆನ್ನು. 2020ರ ಸೆಪ್ಟೆಂಬರ್‌ನಲ್ಲಿ ಅಂಕಿತ, 2021ರ ಜನವರಿ 12ಕ್ಕೆ ಸುಪ್ರೀಂ ಕೋರ್ಟ್ ತಡೆ, ನವೆಂಬರ್ 29ಕ್ಕೆ ಸಂಸತ್ತೇ ರದ್ದು ಮಾಡಿತು. ಅದೇ ಲೋಕಸಭೆ!

ಸಂವಿಧಾನ ತಿದ್ದುಪಡಿ ಮೂರೇ: 104, 105, 106. ಕೊನೆಯದು ಮಹಿಳಾ ಮೀಸಲಾತಿ. ಲೋಕಸಭೆಯಲ್ಲಿ ಪರ 454, ವಿರೋಧ 2. ಆದರೆ ಸೀಟು ಸಿಗೋದು ಜನಗಣತಿ ನಡೆದು, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎಂದು ತಿದ್ದುಪಡಿಯೇ ಹೇಳುತ್ತದೆ.

ನ್ಯಾಯ ಸಂಹಿತೆಯ ಸೆಕ್ಷನ್ ನಂಬರ್‌ಗಳನ್ನು ಬಾಯಿಪಾಠ ಮಾಡಲು ರೂಮ್‌ಮೇಟ್ ಬೇಕು. ಕೊಲೆಗೆ ಐಪಿಸಿಯ 302 ಹೋಗಿ 103, ವಂಚನೆ 420 ಹೋಗಿ 318. ಮೊನ್ನೆ ಅವನ ಚಾರ್ಜರ್ ಕೇಳದೆ ತಗೊಂಡಿದ್ದಕ್ಕೆ "ಲೋ 318" ಎಂದು ಬೈದ. ಕಳವು 303 ಕಣೋ ಎಂದು ತಿದ್ದಿದೆ.