ಟೆಲಿಗ್ರಾಂ ಗ್ರೂಪ್‌ಗೆ ಕಾವಲು ಬಾಟ್: ಯಾವುದನ್ನು ಆರಿಸಬೇಕು, ಎಷ್ಟು ಅಧಿಕಾರ ಕೊಡಬೇಕು?

ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆಗೆ ಓದುವ ನಮ್ಮ ದಾವಣಗೆರೆಯ ಹುಡುಗ ಹುಡುಗಿಯರು ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ, ನೇಮಕಾತಿ ಸುದ್ದಿ ಎಲ್ಲವನ್ನೂ ಟೆಲಿಗ್ರಾಂ ಗ್ರೂಪ್‌ನಲ್ಲೇ ಹಂಚಿಕೊಳ್ಳುತ್ತಾರೆ. ಗ್ರೂಪ್ ಸ್ವಲ್ಪ ಬೆಳೆಯಿತು ಅನ್ನುವಷ್ಟರಲ್ಲಿ ‘ನಾಳಿನ ಪೇಪರ್ ನಮ್ಮಲ್ಲಿದೆ, ಹಣ ಹಾಕಿ’ ಅನ್ನುವವರು, ಟ್ರೇಡಿಂಗ್ ಟಿಪ್ಸ್‌ನವರು ಒಳಗೆ ನುಗ್ಗಿರುತ್ತಾರೆ. ನಡುರಾತ್ರಿ ಬಿದ್ದ ಲಿಂಕನ್ನು ಅಡ್ಮಿನ್ ಬೆಳಿಗ್ಗೆ ಎದ್ದು ಅಳಿಸುವ ಹೊತ್ತಿಗೆ ಯಾರೋ ಒಬ್ಬರು ದುಡ್ಡು ಕಳೆದುಕೊಂಡಿರಬಹುದು. ಹಾಗಾಗಿ ಕಾವಲಿಗೆ ಬಾಟ್, ಅಂದರೆ ಗ್ರೂಪ್‌ನಲ್ಲಿ ತಾನಾಗೇ ಕೆಲಸ ಮಾಡುವ ಪ್ರೋಗ್ರಾಂ, ಬೇಕೇ ಬೇಕು. ಆದರೆ ಅದನ್ನು ಹಾಕುವಾಗ ತುಂಬಾ ಜನ ಒಂದೇ ಜಾಗದಲ್ಲಿ ಎಡವುತ್ತಾರೆ.

ಮೊದಲೇ ಒಂದು ಮಾತು. ವಾಟ್ಸ್‌ಆ್ಯಪ್ ಗ್ರೂಪ್‌ಗೆ ಬಾಟ್ ಹಾಕಲು ಹೋಗಬೇಡಿ. ಲಿಂಕ್ಡ್ ಡಿವೈಸ್ ಮೂಲಕ ಓಡಿಸುವ ಬಾಟ್‌ಗಳು ವಾಟ್ಸ್‌ಆ್ಯಪ್ ನಿಯಮಕ್ಕೆ ವಿರುದ್ಧ. ನಿಮ್ಮ ನಂಬರೇ ಬ್ಯಾನ್ ಆಗಬಹುದು. ಅಲ್ಲಿ ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೆ ಸೇರಿಸುವ ಸೆಟ್ಟಿಂಗ್ ಸಾಕು.

ಹಂತ 1: ಟೆಲಿಗ್ರಾಂನಲ್ಲೇ ಇರುವ ಬಾಗಿಲು ಹಾಕಿಕೊಳ್ಳಿ. ಗ್ರೂಪ್ ಪರ್ಮಿಷನ್‌ನಲ್ಲಿ ಸದಸ್ಯರು ಬೇರೆಯವರನ್ನು ಸೇರಿಸುವುದನ್ನು ನಿಲ್ಲಿಸಿ, ಒಬ್ಬರೇ ಸಾಲಾಗಿ ಮೆಸೇಜ್ ಸುರಿಯದಂತೆ ತಡೆಯುವ ಸ್ಲೋ ಮೋಡ್ ಹಾಕಿ. ನಿಮ್ಮ ಸ್ವಂತ ಖಾತೆಗೆ ಟು ಸ್ಟೆಪ್ ವೆರಿಫಿಕೇಷನ್ (ಲಾಗಿನ್ ಕೋಡ್ ಜೊತೆ ಪಾಸ್‌ವರ್ಡ್ ಕೂಡ ಕೇಳುವುದು) ಇರಲಿ.

ಹಂತ 2: ಬಾಟ್ ಆರಿಸಿ. ನನ್ನನ್ನು ಕೇಳಿದರೆ ಕನ್ನಡದ ಗ್ರೂಪ್‌ಗಳಿಗೆ ‘ರೋಸ್’ ಸಾಕು. ಉಚಿತ, ಹಳೆಯದು, ಬೇಕಾದ ಕೆಲಸವೆಲ್ಲ ಮಾಡುತ್ತದೆ. ಒಬ್ಬರೇ ನಾಲ್ಕೈದು ಗ್ರೂಪ್ ನಡೆಸುತ್ತಿದ್ದರೆ ಅದರ ಫೆಡರೇಷನ್ ಸೌಲಭ್ಯ ಬಳಸಿ. ಅದರ ಮೂಲಕ ಒಬ್ಬನನ್ನು ಬ್ಯಾನ್ ಮಾಡಿದರೆ ಜೋಡಿಸಿದ ಎಲ್ಲ ಗ್ರೂಪ್‌ಗಳಲ್ಲೂ ಅವನು ಹೊರಗೆ. ‘ಕಾಂಬಾಟ್’ ಕೂಡ ಒಳ್ಳೆಯದೇ. ಬೇರೆ ಕಡೆ ಸಿಕ್ಕಿಬಿದ್ದ ಸ್ಪ್ಯಾಮರ್‌ಗಳ ಪಟ್ಟಿ ಅದರ ಬಳಿ ಇದೆ. ‘ಸದಸ್ಯರನ್ನು ಹೆಚ್ಚಿಸಿಕೊಡುತ್ತೇವೆ, ಜೊತೆಗೆ ಕಾವಲೂ ಇದೆ’ ಅನ್ನುವ ಬಾಟ್‌ಗಳನ್ನು ಮುಟ್ಟಲೇಬೇಡಿ.

ಹೆಸರು, ಫೋಟೊ ನೋಡಿ ನಂಬಬೇಡಿ. ಟೆಲಿಗ್ರಾಂನ ‘ಬಾಟ್‌ಫಾದರ್’ ಬಳಸಿ ಯಾರು ಬೇಕಾದರೂ ಕೆಲವೇ ನಿಮಿಷದಲ್ಲಿ ಬಾಟ್ ಮಾಡಿ, ಅದಕ್ಕೆ ರೋಸ್ ಅಂತಲೇ ಹೆಸರಿಡಬಹುದು. ಯೂಸರ್‌ನೇಮ್ ಮಾತ್ರ ಇಬ್ಬರಿಗೆ ಒಂದೇ ಇರಲು ಸಾಧ್ಯವಿಲ್ಲ. ಅದನ್ನು ಬಾಟ್‌ನ ಅಧಿಕೃತ ವೆಬ್‌ಸೈಟ್‌ನಲ್ಲಿ ನೋಡಿ, ಒಂದೊಂದೇ ಅಕ್ಷರ ಹೋಲಿಸಿ.

ಹಂತ 3: ಅಧಿಕಾರ ಕೊಡುವುದು. ಎಡವುವುದು ಇಲ್ಲೇ. ಬಾಟನ್ನು ಅಡ್ಮಿನ್ ಮಾಡುವಾಗ ಒಂದು ಉದ್ದದ ಪಟ್ಟಿ ಬರುತ್ತದೆ. ಸುಮ್ನೆ ಎಲ್ಲವನ್ನೂ ಆನ್ ಮಾಡಿ ‘ಡನ್’ ಒತ್ತುವವರೇ ಜಾಸ್ತಿ. ಅಂಗಡಿ ಕಾಯುವವನಿಗೆ ಯಾರಾದರೂ ಗಲ್ಲಾಪೆಟ್ಟಿಗೆಯ ಕೀಲಿಯನ್ನೂ ಕೊಡುತ್ತಾರಾ? ಕಾವಲಿಗೆ ಬೇಕಾದದ್ದು ಎರಡೇ ಅಧಿಕಾರ. ಮೆಸೇಜ್ ಅಳಿಸುವುದು, ಸದಸ್ಯರನ್ನು ಬ್ಯಾನ್ ಮಾಡುವುದು. ಉಳಿದದ್ದೆಲ್ಲ ಆಫ್.

ಅದರಲ್ಲೂ ‘ಹೊಸ ಅಡ್ಮಿನ್ ಸೇರಿಸುವ’ ಅಧಿಕಾರವನ್ನು ಯಾವ ಬಾಟ್‌ಗೂ ಕೊಡಬೇಡಿ. ಕಾರಣ ಕೇಳಿ. ಪ್ರತಿ ಬಾಟ್‌ಗೂ ‘ಟೋಕನ್’ ಅನ್ನುವ ಒಂದು ಗುಟ್ಟಿನ ಸಂಕೇತ ಇರುತ್ತದೆ. ಅದು ಯಾರ ಕೈಯಲ್ಲಿದೆಯೋ ಬಾಟ್ ಅವರು ಹೇಳಿದಂತೆ ಕೇಳುತ್ತದೆ. ಬಾಟ್ ಮಾಡಿದವರು ಒಳ್ಳೆಯವರೇ ಇರಬಹುದು, ಆದರೆ ಟೋಕನ್ ಕಳುವಾದರೆ? ಕಳ್ಳನು ಆ ಬಾಟ್ ಮೂಲಕ ತನ್ನವರನ್ನೇ ಅಡ್ಮಿನ್ ಮಾಡಿಕೊಳ್ಳುತ್ತಾನೆ. ಗ್ರೂಪ್‌ನ ಹೆಸರು, ಫೋಟೊ ಬದಲಿಸುವ ಅಧಿಕಾರವೂ ಇದ್ದರೆ ನಿಮ್ಮ ಓದುವ ಗ್ರೂಪ್ ರಾತ್ರೋರಾತ್ರಿ ಟ್ರೇಡಿಂಗ್ ಗ್ರೂಪ್ ಆಗುತ್ತದೆ. ಎರಡೇ ಅಧಿಕಾರ ಇದ್ದರೆ ಹಾನಿ ಅಷ್ಟಕ್ಕೇ ನಿಲ್ಲುತ್ತದೆ.

ಇನ್ನೊಂದು ವಿಷಯ. ಅಡ್ಮಿನ್ ಆದ ಬಾಟ್ ಗ್ರೂಪ್‌ನ ಪ್ರತಿ ಮೆಸೇಜನ್ನೂ ಓದಬಲ್ಲದು. ಸದಸ್ಯರು ಹಾಲ್ ಟಿಕೆಟ್, ಆಧಾರ್ ಫೋಟೊ ಹಾಕುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಹಂತ 4: ಸೆಟ್ಟಿಂಗ್. ಹೊಸಬರಿಗೆ ಕ್ಯಾಪ್ಚಾ (ಬಂದವರು ಮನುಷ್ಯರೇ ಹೌದಾ ಅಂತ ನೋಡುವ ಪರೀಕ್ಷೆ) ಇಡಿ, ಆದರೆ ಬಟನ್ ಒತ್ತುವಂಥದ್ದು ಸಾಕು. ಸಮಯ ಧಾರಾಳವಾಗಿ ಕೊಡಿ. ಜಗಳೂರು ಕಡೆ ಬಸ್ಸಿನಲ್ಲಿ ಕೂತು ಸೇರುವ ಹುಡುಗಿಗೆ ನೆಟ್‌ವರ್ಕ್ ಸಿಗಬೇಕಲ್ವಾ? ಲಿಂಕ್‌ಗಳನ್ನು ಲಾಕ್ ಮಾಡಿ, ಕೆಪಿಎಸ್‌ಸಿ ಮತ್ತು ಕೆಇಎ ವೆಬ್‌ಸೈಟ್‌ಗಳನ್ನು ಮಾತ್ರ ಅನುಮತಿ ಪಟ್ಟಿಗೆ ಸೇರಿಸಿ. ನಿಷೇಧಿತ ಪದಗಳನ್ನು ಕನ್ನಡ ಲಿಪಿಯಲ್ಲೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲೂ ಹಾಕಿ. ಬರೀ ಇಂಗ್ಲಿಷ್ ಪದ ಹಾಕಿದರೆ ನಮ್ಮ ಕಡೆಯ ಸ್ಪ್ಯಾಮ್ ಹಾಗೇ ದಾಟಿಹೋಗುತ್ತದೆ. ಒಂಟಿ ಪದ ಬೇಡ. ‘ಪೇಪರ್’ ಅಂತ ಹಾಕಿದರೆ ಹಳೆಯ ಪೇಪರ್ ಕೇಳುವವರ ಮೆಸೇಜೂ ಮಾಯ.

ಹಂತ 5: ಪರೀಕ್ಷೆ. ಅಡ್ಮಿನ್ ಖಾತೆಯಿಂದಲೇ ಲಿಂಕ್ ಹಾಕಿ, ಅದು ಅಳಿಯದಿದ್ದಾಗ ‘ಬಾಟ್ ಕೆಲಸ ಮಾಡ್ತಿಲ್ಲ’ ಅಂತ ಇನ್ನಷ್ಟು ಅಧಿಕಾರ ಕೊಡುವುದನ್ನು ನೋಡಿದ್ದೇನೆ. ಕಾವಲು ಬಾಟ್‌ಗಳು ಸಾಮಾನ್ಯವಾಗಿ ಅಡ್ಮಿನ್‌ಗಳನ್ನು ಬಿಟ್ಟುಬಿಡುತ್ತವೆ. ಆದ್ದರಿಂದ ಸಾಮಾನ್ಯ ಸದಸ್ಯರಾಗಿರುವ ಗೆಳೆಯರ ಫೋನಿನಿಂದ ಲಿಂಕ್ ಹಾಕಿಸಿ ನೋಡಿ. ಮೊದಲ ವಾರ ದಿನಾ ಸಂಜೆ ‘ರೀಸೆಂಟ್ ಆ್ಯಕ್ಷನ್ಸ್’, ಅಂದರೆ ಅಡ್ಮಿನ್‌ಗಳು, ಬಾಟ್ ಏನೇನು ಮಾಡಿದರು ಅನ್ನುವ ದಾಖಲೆ, ತೆರೆಯಿರಿ. ಟೆಲಿಗ್ರಾಂ ಅದನ್ನು 48 ಗಂಟೆ ಮಾತ್ರ ಇಡುತ್ತದೆ. ತಪ್ಪಾಗಿ ಹೊರಹೋದವರನ್ನು ಅಷ್ಟರೊಳಗೆ ಹುಡುಕಿ ವಾಪಸ್ ಕರೆಯಿರಿ.

ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಡಿಸ್ಕಾರ್ಡ್ ಅನ್ನುವ ಇನ್ನೊಂದು ಚಾಟ್ ಆ್ಯಪ್‌ನಲ್ಲಿ ಇದ್ದಾರೆ. ಅಲ್ಲಿ ಬೇಡದ ಮೆಸೇಜನ್ನು ತಾನೇ ತಡೆಯುವ, 2022ರಲ್ಲಿ ಬಂದ ‘ಆಟೋಮಾಡ್’ ಒಳಗೇ ಇದೆ. ಮೊದಲು ಅದನ್ನು ಹಚ್ಚಿ, ಸಾಲದಿದ್ದರೆ ಮಾತ್ರ ‘ವಿಕ್’ ಥರದ ಬಾಟ್ ಹಾಕಿ. ‘ಅಡ್ಮಿನಿಸ್ಟ್ರೇಟರ್’ ಬಟನ್ ಒತ್ತಿದರೆ ಬಾಟ್‌ಗೆ ಎಲ್ಲ ಅಧಿಕಾರವೂ ಒಟ್ಟಿಗೆ ಹೋಗುತ್ತದೆ. ಅದನ್ನು ಕೇಳುವ ಬಾಟ್‌ಗೆ ಅದು ಯಾಕೆ ಬೇಕು ಅಂತ ಓದಿ ತಿಳಿಯದೆ ಒಪ್ಪಬೇಡಿ. ಬಾಟ್‌ನ ರೋಲ್ (ಅಲ್ಲಿ ಅಧಿಕಾರದ ದರ್ಜೆಗೆ ಇರುವ ಹೆಸರು) ಸದಸ್ಯರ ರೋಲ್‌ಗಳಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಅದು ಯಾರನ್ನೂ ಹೊರಹಾಕಲಾರದು. ವೆರಿಫೈ ಮಾಡಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅನ್ನುವ ಬಾಟ್ ಬಂದರೆ ಅದು ಮೋಸ. ಡಿಸ್ಕಾರ್ಡ್‌ಗೆ ಲಾಗಿನ್ ಆಗುವ ಕ್ಯೂಆರ್ ಕೋಡನ್ನೇ ಅದು ತೋರಿಸಿರುತ್ತದೆ. ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಟ್ಟರೆ ನಿಮ್ಮ ಖಾತೆ ಅವರ ಪಾಲು.

ಇಷ್ಟಾದ ಮೇಲೂ ಯಾರಾದರೂ ಮೋಸದ ಲಿಂಕಿಗೆ ದುಡ್ಡು ಹಾಕಿಬಿಟ್ಟರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಬೇಗ ಹೇಳಿದಷ್ಟೂ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಸ್ಕ್ರೀನ್‌ಶಾಟ್ ತೆಗೆಯುವ ಮೊದಲು ಆ ಮೆಸೇಜ್ ಅಳಿಸಬೇಡಿ. ದೂರು ಕೊಡುವಾಗ ಅದು ಬೇಕಾಗುತ್ತದೆ.