ಹಡಗಿನ ಹೊಟ್ಟೆಯೊಳಗಿನ ಕ್ಯಾಬಿನ್: ಅಂಟಾರ್ಕ್ಟಿಕಾದಲ್ಲಿ ಮೂರನೇ ಸಲ ಕೈಹಿಡಿದ ಲೆಕ್ಕಾಚಾರ

ಮೂರನೇ ಸಲ ಹೋಗಿ ಬಂದೆ. ಈ ಸಲ ಒಂದು ಲ್ಯಾಂಡಿಂಗೂ, ಅಂದರೆ ಹಡಗಿನಿಂದ ಸಣ್ಣ ದೋಣಿಯಲ್ಲಿ ಹೋಗಿ ನೆಲಕ್ಕೆ ಇಳಿಯೋದು, ತಪ್ಪಲಿಲ್ಲ. ದಾರಿಯಲ್ಲಿ ದಾಟಬೇಕಾದ ಒರಟು ಸಮುದ್ರ, ಡ್ರೇಕ್ ಪ್ಯಾಸೇಜಿನಲ್ಲಿ ಒಂದು ಹೊತ್ತಿನ ಊಟವೂ ತಪ್ಪಲಿಲ್ಲ. ಅದೂ ಎಲ್ಲಿ ಮಲಗಿ ಅಂದ್ರೆ, ಹಡಗಿನ ಅತಿ ಕೆಳಗಿನ ಪ್ಯಾಸೆಂಜರ್ ಡೆಕ್ಕಿನಲ್ಲಿ, ಮೂವರು ಹಂಚಿಕೊಳ್ಳುವ ಅತಿ ಅಗ್ಗದ ಕ್ಯಾಬಿನ್ನಿನಲ್ಲಿ. ಅದೇ ಹಡಗಿನಲ್ಲಿ ಬಾಲ್ಕನಿ ಕ್ಯಾಬಿನ್ ಹಿಡಿದಿದ್ದ ಗೆಳೆಯ ಹೊರಡುವ ಮುಂಚೆ ಕೇಳಿದ್ದ: "ಪೆಂಗ್ವಿನ್ ನೋಡೋಕೆ ಬರ್ತಿದ್ದೀಯೋ, ಹಡಗಿನ ಹೊಟ್ಟೆಯಲ್ಲಿ ಅಡಗಿ ಕೂರೋಕೋ?" ಅವನು ಇದನ್ನು ಓದುತ್ತಾನೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೊದಲ ಸಲದ ಕಥೆ ಹೇಳದಿದ್ದರೆ ಇದು ಅರ್ಥ ಆಗಲ್ಲ. ಆಗ ನಾನೂ ಎಲ್ಲರ ಹಾಗೆ ಮೇಲಿನ ಡೆಕ್ಕೇ ಬೇಕು ಅಂದಿದ್ದೆ. ಹಡಗಿನ ಮೂತಿಯ (ಮುಂತುದಿಯ) ಕಡೆಗೆ, ದೊಡ್ಡ ಕಿಟಕಿ, ಇಬ್ಬರಿಗೆ ಒಂದು ಕ್ಯಾಬಿನ್. ಸುಮಾರು 11 ಸಾವಿರ ಡಾಲರ್ ಕೊಟ್ಟ ನೆನಪು. ಅರ್ಜೆಂಟೀನಾದ ದಕ್ಷಿಣ ತುದಿಯ ಬಂದರು ಉಶುವಾಯಾದಿಂದ ಸಂಜೆ ಹೊರಟೆವು. ಬೀಗಲ್ ಕಾಲುವೆಯಲ್ಲಿ ನೀರು ಕೆರೆಯ ಹಾಗೆ ಇತ್ತು. ಚೆನ್ನಾಗಿ ಊಟ ಮಾಡಿದೆ, ವೈನ್ ಕುಡಿದೆ, ವಾಂತಿ ತಡೆಯುವ ಮಾತ್ರೆ ಯಾಕೆ ಬೇಕು ಅಂತ ಮಲಗಿದೆ. ಮಧ್ಯರಾತ್ರಿ ಹಡಗು ತೆರೆದ ಸಮುದ್ರಕ್ಕೆ ಬಂತು. ಮೂತಿ ಎದ್ದು ಬೀಳುವಾಗಲೆಲ್ಲ ನನ್ನ ದೇಹ ಕೆಳಗೆ ಹೋಗುತ್ತಿತ್ತು, ಹೊಟ್ಟೆ ಮಾತ್ರ ಮೇಲೆಯೇ ನಿಂತಿರುತ್ತಿತ್ತು. ಆಮೇಲೆ ನುಂಗಿದ ಮಾತ್ರೆ ಹತ್ತು ನಿಮಿಷದಲ್ಲಿ ಹೊರಗೆ ಬಂತು.

ಬೆಳಿಗ್ಗೆ ಕಿವಿಯ ಹಿಂದೆ, ವಾಂತಿ ತಡೆಯುವ ಔಷಧಿಯ ಪ್ಯಾಚ್ ಅಂಟಿಸಿಕೊಂಡೆ. ಅಂಟಿಸಿದ ಕೈಯನ್ನು ತೊಳೆಯದೆ ಕಣ್ಣುಜ್ಜಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಣ್ಣಿನ ಪಾಪೆ ಗೋಲಿಯಷ್ಟು ಅಗಲ, ಇನ್ನೊಂದು ಮಾಮೂಲು. ಹತ್ತಿರದ್ದು ಎಲ್ಲಾ ಮಂಜು. ಮೆದುಳಿಗೇ ಏನೋ ಆಯ್ತು ಅಂತ ಹೆದರಿ ಹಡಗಿನ ಡಾಕ್ಟರ ಹತ್ತಿರ ಓಡಿದರೆ, ಅವರು ನೋಡಿ ಮೊದಲು ನಕ್ಕರು, ಆಮೇಲೆ "ಕೈ ತೊಳೆದಿರಾ?" ಅಂದರು. ಆ ಟ್ರಿಪ್ಪಿನ ಮೊದಲ ಲ್ಯಾಂಡಿಂಗ್ ತಪ್ಪಿತು. ಎರಡನೆಯದಕ್ಕೆ ಕೂಗಿದಾಗ ನಾನು ಇನ್ನೂ ಪ್ಯಾಂಟ್ ಹುಡುಕುತ್ತಿದ್ದೆ. ಒಟ್ಟು ಏಳು ಸಲ ನೆಲಕ್ಕೆ ಕಾಲಿಟ್ಟೆ. ಲ್ಯಾಂಡಿಂಗ್ ಒಂದಕ್ಕೆ ಸಾವಿರದ ಐನೂರು ಡಾಲರ್ ಮೇಲೆ ಬಿತ್ತು. ಈ ಲೆಕ್ಕ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ. ಟಿಕೆಟ್ ಎಷ್ಟು ಅಂತ ಯಾರು ಕೇಳಿದರೂ ನಾನು ಲ್ಯಾಂಡಿಂಗಿಗೆ ಎಷ್ಟು ಬಿತ್ತು ಅಂತಲೇ ಹೇಳುತ್ತೇನೆ.

ಎರಡನೇ ಸಲ ಅರ್ಧ ಪಾಠ ಕಲಿತಿದ್ದೆ. ಕೆಳಗಿನ ಡೆಕ್ ಹಿಡಿದೆ, ಏಳೂವರೆ ಸಾವಿರದ ಹತ್ತಿರ. ಆದರೆ ಮತ್ತೆ ಮೂತಿಯ ಕಡೆಗೇ. ಅಲೆ ಹೊಡೆದಾಗ ತಗಡಿನ ಡಬ್ಬಿಯೊಳಗೆ ಕೂತ ಹಾಗೆ ಸದ್ದು. ಅದನ್ನಾದರೂ ತಡೆಯಬಹುದು. ಬೆಳಗಿನ ಜಾವ ಐದಕ್ಕೆ ಲಂಗರು ಬಿಡುತ್ತಾರಲ್ಲ, ಆ ಸರಪಳಿ ನನ್ನ ತಲೆಯಿಂದ ಎರಡು ಮಾರು ದೂರದಲ್ಲೇ ಇಳಿಯುತ್ತಿತ್ತು. ಮೊದಲ ದಿನ ಹಡಗು ಬಂಡೆಗೆ ಬಡಿಯಿತು ಅಂದುಕೊಂಡು ಲೈಫ್ ಜಾಕೆಟ್ ಹಾಕಿಕೊಂಡು ಕಾರಿಡಾರಿಗೆ ಬಂದು ನಿಂತಿದ್ದೆ. ನಮ್ಮ ಕಾರಿಡಾರಿನವರು ಕೊನೆಯವರೆಗೂ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಕೆಳಗೆ ಇದ್ದರೆ ಸಾಲದು, ನಡುವೆಯೂ ಇರಬೇಕು, ಹಡಗು ಕಡಿಮೆ ಅಲ್ಲಾಡೋದು ಅಲ್ಲೇ. ಇಷ್ಟು ತಿಳಿಯೋಕೆ ನನಗೆ ಹದಿನೆಂಟು ಸಾವಿರ ಡಾಲರ್ ಬೇಕಾಯಿತು.

ಮೂರನೇ ಸಲ ಟಿಕೆಟ್ ಇಲ್ಲದೇ ಉಶುವಾಯಾಗೆ ಹೋಗಿ ಕೂತೆ, ಕೊನೆ ಗಳಿಗೆಯಲ್ಲಿ ಖಾಲಿ ಉಳಿದ ಹಾಸಿಗೆ ಅಗ್ಗಕ್ಕೆ ಸಿಗಲಿ ಅಂತ. ಮಾರ್ಚ್ ತಿಂಗಳು, ಸೀಸನ್ ಮುಗಿಯುವ ಹೊತ್ತು. ಒಂಬತ್ತು ದಿನ ಕಾದೆ. ಕಾಯೋದು ಬಿಟ್ಟಿ ಅಲ್ಲ. ಹಾಸ್ಟೆಲ್ಲು, ಊಟ ಸೇರಿ ಐನೂರು ಆರುನೂರು ಡಾಲರ್ ಹೋಯಿತು. ಏಳನೇ ದಿನ ನಿಜವಾಗಿಯೂ ವಾಪಸ್ ಹೋಗಿಬಿಡೋಣ ಅನ್ನಿಸಿತ್ತು. ಕೊನೆಗೆ ಮೂವರ ಕ್ಯಾಬಿನ್ನಿನಲ್ಲಿ ಒಂದು ಹಾಸಿಗೆ 5,200 ಡಾಲರಿಗೆ ಸಿಕ್ಕಿತು. ಬುಕಿಂಗ್ ಮೇಜಿನಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದರೆ ಯಾವ ಕ್ಯಾಬಿನ್ನಿನಲ್ಲಿ ಮೂರನೇ ಹಾಸಿಗೆ ಖಾಲಿ ಉಳಿಯಬಹುದು ಅಂತ ಗೊತ್ತಾಗುತ್ತದೆ. ಅದನ್ನು ಇಲ್ಲಿ ಬರೆಯಲ್ಲ. ಮುಂದಿನ ಸಲ ನನಗೇ ಬೇಕಲ್ವಾ.

ಡೆಕ್ ಪ್ಲಾನ್ (ಹಡಗಿನ ಮಹಡಿಗಳ ನಕ್ಷೆ) ಮಾತ್ರ ಹೇಗೆ ಓದುತ್ತೇನೆ ಹೇಳುತ್ತೇನೆ. ಕಿಟಕಿ ನೋಡಲ್ಲ. ಮೊದಲು ಮಡ್ ರೂಮ್, ಅಂದರೆ ನೆಲಕ್ಕೆ ಇಳಿಯುವ ಮೊದಲು ಬೂಟು ಜಾಕೆಟ್ ಹಾಕಿಕೊಳ್ಳುವ ಕೋಣೆ, ಎಲ್ಲಿದೆ ನೋಡುತ್ತೇನೆ. ಆಮೇಲೆ ಹಾಸಿಗೆ ಯಾವ ದಿಕ್ಕಿಗಿದೆ ನೋಡುತ್ತೇನೆ. ಹಾಸಿಗೆ ಹಡಗಿನ ಉದ್ದಕ್ಕೆ ಇದ್ದರೆ ಹಡಗು ಹೊರಳಿದಾಗ ನೀವೂ ಪಕ್ಕಕ್ಕೆ ಹೊರಳುತ್ತೀರಿ. ಅಡ್ಡಕ್ಕೆ ಇದ್ದರೆ ಒಂದು ಸಲ ತಲೆ ಮೇಲೆ, ಒಂದು ಸಲ ಕಾಲು ಮೇಲೆ. ಅಡ್ಡಕ್ಕೆ ಇರೋದೇ ವಾಸಿ ಅನ್ನುವವರು ಇದ್ದಾರೆ. ನನಗೆ ಆಗಲ್ಲ, ತಿಂದದ್ದು ಗಂಟಲಿಗೆ ಬರುತ್ತದೆ. ಉದ್ದಕ್ಕೆ ಇದ್ದರೆ ಮದ್ದಿದೆ. ಕಪಾಟಿನಲ್ಲಿರುವ ದೊಡ್ಡ ಲೈಫ್ ಜಾಕೆಟ್ಟನ್ನು ಹಾಸಿಗೆಯ ಹೊರ ಅಂಚಿನ ಕೆಳಗೆ ಉದ್ದಕ್ಕೂ ತುರುಕಿ. ಹಾಸಿಗೆ ಗೋಡೆ ಕಡೆಗೆ ವಾಲಿ ದೋಣಿಯ ಆಕಾರಕ್ಕೆ ಬರುತ್ತದೆ. ಬೆನ್ನು ಗೋಡೆಗೆ, ಮೊಣಕಾಲು ಸ್ವಲ್ಪ ಮಡಚಿ ಆ ಉಬ್ಬಿಗೆ ಒತ್ತಿ ಮಲಗಿದರೆ ಹಡಗು ಎಷ್ಟು ಹೊರಳಿದರೂ ನೀವು ಅಲ್ಲೇ. ಹಳೇ ನಾವಿಕರ ಉಪಾಯ ಇದು, ನನ್ನದಲ್ಲ. ಆದರೆ ನಮ್ಮ ಕ್ಯಾಬಿನ್ನಿನ ಇಬ್ಬರಿಗೂ ಹಾಕಿಕೊಟ್ಟದ್ದು ನಾನೇ.

ಕೆಳಗಿನ ಡೆಕ್ಕಿನಲ್ಲಿ ಒಂದು ತೊಂದರೆ ನಿಜ. ಸಮುದ್ರ ಎದ್ದಾಗ ಸಿಬ್ಬಂದಿ ಬಂದು ದುಂಡು ಕಿಟಕಿಯ ಮೇಲೆ ಕಬ್ಬಿಣದ ಮುಚ್ಚಳ ಬಿಗಿದು ಹೋಗುತ್ತಾರೆ. ಆಮೇಲೆ ಹಗಲೂ ಇಲ್ಲ ರಾತ್ರಿಯೂ ಇಲ್ಲ. ಒಮ್ಮೆ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬೆಳಗಿನ ತಿಂಡಿಗೆ ಅಂತ ಹೋಗಿ ನಿಂತೆ, ಅಲ್ಲಿ ರಾತ್ರಿಯ ಊಟಕ್ಕೆ ತಟ್ಟೆ ಇಡುತ್ತಿದ್ದರು. ಆದರೆ ಮೇಲಿನವರಿಗೆ ಸಿಗದ ಒಂದು ಸುಖವೂ ಅಲ್ಲೇ ಇದೆ. ಜೆರ್ಲಾಶ್ ಜಲಸಂಧಿಯಲ್ಲಿ ಒಂದು ರಾತ್ರಿ ಮಂಜುಗಡ್ಡೆಯ ಚೂರುಗಳ ನಡುವೆ ಹಡಗು ನಿಧಾನಕ್ಕೆ ಸಾಗುತ್ತಿತ್ತು. ಕಿವಿಯಿಂದ ಒಂದು ಗೇಣು ದೂರದಲ್ಲಿ, ಉಕ್ಕಿನ ಆಚೆ, ಯಾರೋ ಒರಟು ಕಲ್ಲಿನಿಂದ ದೊಡ್ಡ ಕೊಪ್ಪರಿಗೆ ಉಜ್ಜುತ್ತಾ ಹೋದ ಹಾಗೆ ಕರ್ರ್ ಅಂತ ಸದ್ದು. ಒಂದು ಚೂರು ತಲೆಯ ಹತ್ತಿರ ಶುರುವಾಗಿ ಕಾಲಿನವರೆಗೆ ಉಜ್ಜಿಕೊಂಡು ಹೋಗಿ ನಿಲ್ಲುತ್ತಿತ್ತು. ಆಮೇಲೆ ಇನ್ನೊಂದು. ಮೂವರೂ ಎದ್ದಿದ್ದೆವು, ಯಾರೂ ಮಾತಾಡಲಿಲ್ಲ.

ಮಾತ್ರೆ ವಿಷಯಕ್ಕೆ ಬರುತ್ತೇನೆ. ಈ ಸಲ ಹಡಗು ಇನ್ನೂ ದಡದಲ್ಲಿದ್ದಾಗಲೇ, ತುರ್ತು ಡ್ರಿಲ್ಲಿಗೆ ಏಳು ಸಣ್ಣ ಒಂದು ಉದ್ದ ಸೀಟಿ ಊದುವ ಮೊದಲೇ ನುಂಗಿದ್ದೆ. ಕಾಲುವೆಯಲ್ಲಿ ನೀರು ಶಾಂತ ಇರುವ ಆ ಕೆಲವು ಗಂಟೆಗಳು ಇರುವುದೇ ಅದಕ್ಕೆ. ವೈನ್ ಇಲ್ಲ. ಹೊಟ್ಟೆ ಖಾಲಿ ಬಿಡಲಿಲ್ಲ, ಎರಡು ಗಂಟೆಗೊಮ್ಮೆ ಒಣ ಬಿಸ್ಕತ್ತು, ಹಸಿರು ಸೇಬು. ಪ್ಯಾಚ್ ಮತ್ತೆ ಮುಟ್ಟಲಿಲ್ಲ. ಅದು ಕೆಲಸ ಶುರು ಮಾಡೋಕೇ ಕೆಲವು ಗಂಟೆ ಬೇಕು, ಒಂದು ಪ್ಯಾಚ್ ಮೂರು ದಿನ ಬರುತ್ತದೆ, ಗ್ಲಾಕೋಮಾ ಇರುವವರು ಅದರ ತಂಟೆಗೇ ಹೋಗಬಾರದು. ಮಾತ್ರೆಯ ಹೆಸರು ಹೇಳಲ್ಲ. ನನಗೆ ಹಿಡಿಸಿದ್ದು ನಿಮ್ಮನ್ನು ದಿನವಿಡೀ ಮಲಗಿಸಬಹುದು. ಡಾಕ್ಟರನ್ನು ಕೇಳಿ, ಊರಲ್ಲೇ ಒಮ್ಮೆ ನುಂಗಿ ನೋಡಿ.

ಈಗ ಮುಖ್ಯ ವಿಷಯ, ಮಡ್ ರೂಮ್. ನನ್ನ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ. ಮೇಲಿನ ಡೆಕ್ಕಿನವರು ಏನು ಮಾಡುತ್ತಾರೆ? ಕ್ಯಾಬಿನ್ನಿನಲ್ಲೇ ಥರ್ಮಲ್, ಫ್ಲೀಸ್, ದಪ್ಪ ಪಾರ್ಕಾ, ವಾಟರ್‌ಪ್ರೂಫ್ ಪ್ಯಾಂಟ್ ಎಲ್ಲಾ ಏರಿಸಿಕೊಂಡು ನಾಲ್ಕು ಮಹಡಿ ಇಳಿದು ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಹಡಗಿನ ಒಳಗೆ ಬೆಚ್ಚಗೆ ಇರುತ್ತದೆ, ಬೆವರುತ್ತಾರೆ. ಆ ಬೆವರು ಜೋಡಿಯಾಕ್ ಅನ್ನುವ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಗಾಳಿ ಬಡಿದ ತಕ್ಷಣ ಐಸ್ ಆಗುತ್ತದೆ. ಆಮೇಲೆ ಜಾಕೆಟ್ ಸರಿ ಇಲ್ಲ ಅಂತ ಬೈಯುತ್ತಾರೆ. ನಾನು ಥರ್ಮಲ್ಲಿನಲ್ಲೇ ಹೋಗಿ, ಅಲ್ಲೇ ನಿಂತು ತಣ್ಣಗೆ ಒಂದೊಂದೇ ಹಾಕಿಕೊಳ್ಳುತ್ತಿದ್ದೆ. ಕೂಗಿದ ಎಂಟು ನಿಮಿಷಕ್ಕೆ ಬೂಟು ತೊಳೆಯುವ ತೊಟ್ಟಿಯಲ್ಲಿ ಕಾಲು. ಹತ್ತು ಜನರ ಮೊದಲ ದೋಣಿಯಲ್ಲಿ ಎಷ್ಟೋ ಸಲ ನಾನೇ ಮೊದಲಿಗ.

ಮೊದಲ ದೋಣಿ ಯಾಕೆ ಬೇಕು ಅಂತ ನಿಮಗೆ ಗೊತ್ತೇ ಇದೆ. ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರು ಜನಕ್ಕಿಂತ ಜಾಸ್ತಿ ಇಳಿಸುವ ಹಾಗಿಲ್ಲ. ನಮ್ಮ ಹಡಗಿನಲ್ಲಿ ನೂರಿಪ್ಪತ್ತರ ಆಸುಪಾಸು ಇದ್ದೆವು. ಹಾಗಾಗಿ ಅರ್ಧ ಜನ ನೆಲಕ್ಕೆ, ಅರ್ಧ ಜನ ದೋಣಿಯಲ್ಲೇ ಸುತ್ತಾಟ, ಆಮೇಲೆ ಅದಲು ಬದಲು. ನೆಕೋ ಹಾರ್ಬರಿನಲ್ಲಿ ಗಾಳಿ ಎದ್ದು, ಎರಡನೇ ಗುಂಪಿನವರು ಕಾಲಿಟ್ಟ ಇಪ್ಪತ್ತು ನಿಮಿಷಕ್ಕೆ ವಾಪಸ್ ಕರೆದರು. ನಾನು ಪೂರ್ತಿ ಒಂದು ಗಂಟೆ ಮುಗಿಸಿ ಬಂದಿದ್ದೆ. ಹಾಂ, ವಾಪಸ್ ಬಂದಾಗ, ಯಾರೆಲ್ಲ ಹಡಗಿಗೆ ಮರಳಿದರು ಅಂತ ಲೆಕ್ಕ ಇಡುವ ಕಾರ್ಡ್ ಸ್ಕ್ಯಾನ್ ಮಾಡೋದು ಒಮ್ಮೆ ಮರೆತೆ. ಇಡೀ ಹಡಗಿಗೆ ಕೇಳುವ ಹಾಗೆ ಸ್ಪೀಕರಿನಲ್ಲಿ ಮೂರು ಸಲ ನನ್ನ ಹೆಸರು. ನಾನು ಬಿಸಿ ಚಾಕಲೇಟ್ ಕುಡಿಯುತ್ತಾ ಕೂತಿದ್ದೆ.

ಹೊರಗಿನ ಬೀಜ, ಮಣ್ಣು ಅಂಟಾರ್ಕ್ಟಿಕಾಗೆ ಹೋಗದಿರಲಿ ಅಂತ ಮಾಡುವ ಬಯೋಸೆಕ್ಯುರಿಟಿ ತಪಾಸಣೆಯಲ್ಲಿ ಎರಡನೇ ಟ್ರಿಪ್ಪಿನಲ್ಲಿ ಸಿಕ್ಕಿಬಿದ್ದಿದ್ದೆ. ಕ್ಯಾಮೆರಾ ಚೀಲದ ವೆಲ್ಕ್ರೋದಲ್ಲಿ ಹುಲ್ಲಿನ ಬೀಜ. ಅರ್ಧ ಗಂಟೆ ಚಿಮಟ ಹಿಡಿದು ಕೂತು ಕಿತ್ತೆ, ಹಿಂದೆ ಸಾಲು ನಿಂತಿತ್ತು. ಈ ಸಲ ವೆಲ್ಕ್ರೋ ಇರುವ ಒಂದು ಸಾಮಾನೂ ಒಯ್ಯಲಿಲ್ಲ. ಹಕ್ಕಿಜ್ವರ ಬಂದ ಮೇಲೆ ನೆಲದ ಮೇಲೆ ಕೂರುವ ಹಾಗಿಲ್ಲ, ಮಂಡಿ ಊರುವ ಹಾಗಿಲ್ಲ, ಚೀಲ ಕೆಳಗಿಡುವ ಹಾಗಿಲ್ಲ. ಬೆನ್ನಿನ ಚೀಲದಿಂದ ಲೆನ್ಸ್ ತೆಗೆಯೋದು ಹೇಗೆ? ತೆಗೆಯಲಾಗಲ್ಲ. ಎದೆಗೆ ಕಟ್ಟುವ ಸಣ್ಣ ಚೀಲ, ಒಂದೇ ಲೆನ್ಸ್, ಮುಗಿಯಿತು. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ಇರಬೇಕು ಅಂತ ನಿಯಮ. ಪೆಂಗ್ವಿನ್‌ಗೆ ಮಾತ್ರ ಆ ನಿಯಮ ಗೊತ್ತಿಲ್ಲ, ಅದೇ ಹತ್ತಿರ ಬರುತ್ತದೆ, ಹಾಗಾಗಿ ದೊಡ್ಡ ಲೆನ್ಸ್ ಬೇಕಾಗೇ ಇಲ್ಲ.

ಕೈಗವಸಿನ ಮೇಲೆ ನಾನು ಮಾಡಿದ ಪ್ರಯೋಗ ಹೇಳಲೇಬೇಕು. ಮೊದಲ ಸಲ 120 ಡಾಲರಿನ ಸ್ಕೀ ಗ್ಲೌಸ್. ಜೋಡಿಯಾಕಿನಲ್ಲಿ ಉಪ್ಪು ನೀರು ಕುಡಿದು ಒದ್ದೆ ಬಟ್ಟೆ ಆಯಿತು. ಎರಡನೇ ಸಲ ಉಣ್ಣೆಯದ್ದು, ಬಾತ್‌ರೂಮ್ ಹೀಟರ್ ಮೇಲೆ ಒಣಗಿಸಿದೆ, ಬೆಳಿಗ್ಗೆ ನೋಡಿದರೆ ಮಗುವಿನ ಕೈಗೆ ಆಗುವಷ್ಟಾಗಿತ್ತು. ಮೂರನೇ ಸಲ ಉಣ್ಣೆಯ ತೆಳು ಗ್ಲೌಸ್, ಅದರ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್, ಒಂದು ಸೈಜ್ ದೊಡ್ಡದು. ಹಳದಿ ಬಣ್ಣ. ದೋಣಿಯಲ್ಲಿ ಎಲ್ಲರೂ ನಕ್ಕರು. ನಾಲ್ಕನೇ ದಿನ ಇಬ್ಬರು ಬಂದು ಇನ್ನೊಂದು ಜೊತೆ ಇದೆಯಾ ಅಂತ ಕೇಳಿದರು. ದೋಣಿಗೆ ಹತ್ತುವಾಗ ನಾವಿಕರು ಮುಂಗೈ ಹಿಡಿಯುತ್ತಾರಲ್ಲ, ಆಗಲೂ ಅದು ಜಾರಲಿಲ್ಲ. ನಡೆಯುವಾಗ ಒಳಗೆ ಬೆವರುತ್ತದೆ, ಆಗ ತೆಗೆದು ಜೇಬಿಗೆ ಹಾಕಬೇಕು ಅಷ್ಟೇ.

ದುಡ್ಡಿನ ಉಳಿದ ಲೆಕ್ಕ: ಟಿಪ್ಸ್ ದಿನಕ್ಕೆ ಹದಿನೈದು ಡಾಲರಿನ ಹಾಗೆ, ಹತ್ತು ದಿನಕ್ಕೆ ನೂರೈವತ್ತು. ರೋಗಿಯನ್ನು ಅಲ್ಲಿಂದ ಸಾಗಿಸುವ ಖರ್ಚೂ ಸೇರಿದ ಇನ್ಶೂರೆನ್ಸ್ ಇಲ್ಲದೆ ಹತ್ತಿಸಲ್ಲ, ಅದು ಇನ್ನೂರು ಚಿಲ್ಲರೆ. ಬಾರ್ ಬಿಲ್ ನಲವತ್ತು. ಲಾಂಡ್ರಿಗೆ ಸೊನ್ನೆ. ನನ್ನ ಕ್ಯಾಬಿನ್ನಿನ ಒಂದು ಗೋಡೆಯ ಆಚೆ ಎಂಜಿನ್ ಕಡೆಯ ಶಾಖ ಇತ್ತು, ಅಲ್ಲಿ ದಾರ ಕಟ್ಟಿದರೆ ಥರ್ಮಲ್ ರಾತ್ರಿ ಕಳೆಯುವುದರೊಳಗೆ ಗರಿಗರಿ. ಇಂಟರ್ನೆಟ್ಟಿಗೂ ಸೊನ್ನೆ. ಮೊದಲ ಸಲ ನೂರು ಡಾಲರ್ ಕೊಟ್ಟು ಎರಡು ಫೋಟೋ ಕಳಿಸಿದ್ದೆ. ಈಗ ಸ್ಪೀಡ್ ಚೆನ್ನಾಗಿದೆ, ಆದರೆ ಅದೇ ಶಾಪ. ಎಲ್ಲರೂ ಡೆಕ್ಕಿಗೆ ಬಂದು ನೋಡುವ ಹಿಮಬೆಟ್ಟಗಳ ನಡುವಿನ ಲೆಮೇರ್ ಕಾಲುವೆ ದಾಟುವಾಗ ನಮ್ಮ ಕ್ಯಾಬಿನ್ನಿನ ಹುಡುಗ ಆಫೀಸ್ ಕಾಲ್‌ನಲ್ಲಿದ್ದ. ಎಲ್ಲಾ ಸೇರಿ, ಉಶುವಾಯಾದ ಕಾಯುವಿಕೆಯೂ ಸೇರಿ, ಆರು ಸಾವಿರದ ಇನ್ನೂರರ ಹತ್ತಿರ. ಹತ್ತು ಲ್ಯಾಂಡಿಂಗ್. ಭಾಗಿಸಿಕೊಳ್ಳಿ.

ವಾಪಸ್ ಬರುವಾಗ ಡ್ರೇಕ್ ಸರಿಯಾಗೇ ಎದ್ದಿತ್ತು. ಊಟದ ಮೇಜಿನ ಬಟ್ಟೆಗೆ ನೀರು ಚಿಮುಕಿಸಿದ್ದರು, ತಟ್ಟೆ ಜಾರದಿರಲಿ ಅಂತ. ನಮ್ಮ ಮೇಜಿನಲ್ಲಿ ನಾಲ್ಕೇ ಜನ. ಎರಡನೇ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ಬಾಲ್ಕನಿ ಗೆಳೆಯ, ಕೈಯಲ್ಲಿ ದಿಂಬು, ಮುಖ ಸುಣ್ಣ. "ಇಲ್ಲಿ ನೆಲದ ಮೇಲೆ ಜಾಗ ಇದೆಯೇನೋ?" ಅಂದ. ಎರಡು ಲೈಫ್ ಜಾಕೆಟ್ ಅಕ್ಕಪಕ್ಕ ಇಟ್ಟು ನಡುವೆ ಮಲಗಿಸಿದೆ. ಹತ್ತು ನಿಮಿಷದಲ್ಲಿ ಗೊರಕೆ.

ನನ್ನ ಕೈಲಿ ಇನ್ನೂ ಬಗೆಹರಿಯದ್ದು ಬಾತ್‌ರೂಮಿನ ವಾಸನೆ. ಹಡಗು ಜಾಸ್ತಿ ಹೊರಳಿದಾಗ ನೆಲದ ಬಚ್ಚಲ ತೂತಿನೊಳಗೆ ನಿಂತಿರಬೇಕಾದ ನೀರು ಚೆಲ್ಲಿಹೋಗಿ, ಕೆಳಗಿನ ನಾತ ಮೇಲೆ ಬರುತ್ತದೆ. ಒಂದು ಲೋಟ ನೀರು ಸುರಿದರೆ ಒಂದು ಗಂಟೆ ಸರಿ ಇರುತ್ತದೆ. ಒದ್ದೆ ಟವೆಲ್ ಮುಚ್ಚಿ ನೋಡಿದೆ, ಟವೆಲ್ಲೇ ತೇಲಿ ಬಾಗಿಲಿಗೆ ಬಂತು. ರಬ್ಬರ್ ಬಿರಡೆ ಹಾಕಿದೆ, ಸ್ನಾನಕ್ಕೆ ಮೊದಲು ತೆಗೆಯೋದು ಮರೆತು ಕಾರ್ಪೆಟ್ಟಿನವರೆಗೆ ನೀರು. ಈ ಒಂದಕ್ಕೆ ಯಾರಿಗಾದರೂ ಉಪಾಯ ಗೊತ್ತಿದ್ದರೆ ಹೇಳಿ, ಆ ಬುಕಿಂಗ್ ಮೇಜಿನ ಪ್ರಶ್ನೆಯನ್ನು ಬದಲಿಗೆ ಕೊಡುತ್ತೇನೆ.