ಕಲಬುರಗಿ, ಬೀದರ್‌ನಲ್ಲಿ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ: ಮೊದಲು ಸ್ಟಾಪ್ ತೀರ್ಮಾನ ಮಾಡಿ

ಲಾರ್ಜ್ ಫಾರ್ಮ್ಯಾಟ್, ಅಂದರೆ ದೊಡ್ಡ ಸೆನ್ಸರ್ ಇರುವ ಸಿನಿಮಾ ಕ್ಯಾಮೆರಾ ಬಾಡಿಗೆಗೆ ತರುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ನಟರ ಹಿಂದಿರುವ ಜಾಗ ಕಾಣಬೇಕಾ, ಬೇಡವಾ? ಸ್ಟಾಪ್, ಅಂದರೆ ಲೆನ್ಸ್ ಎಷ್ಟು ತೆರೆಯಬೇಕು ಅನ್ನೋದು ಇದರಿಂದಲೇ ತೀರ್ಮಾನವಾಗುತ್ತದೆ. ಲೆನ್ಸ್, ಫಿಲ್ಟರ್, ಲೈಟು, ಫೋಕಸ್ ಪುಲ್ಲರ್ (ಶಾಟ್ ನಡೆಯುವಾಗ ಫೋಕಸ್ ಹೊಂದಿಸುವವರು) ಎಲ್ಲವೂ ಇದರ ಮೇಲೇ ನಿಂತಿವೆ.

ಕಲಬುರಗಿ ಕೋಟೆಯ ಜಾಮಿ ಮಸೀದಿಯನ್ನೇ ತಗೊಳ್ಳಿ. 1367ರ ಕಟ್ಟಡ, ತೆರೆದ ಅಂಗಳವೇ ಇಲ್ಲ, ಇಡೀ ಜಾಗ ಗುಮ್ಮಟಗಳ ಕೆಳಗಿದೆ, ಎತ್ತ ನೋಡಿದರೂ ಕಮಾನು. ಚಿಕ್ಕ ಸೆನ್ಸರ್‌ನ ಸೂಪರ್ 35 ಕ್ಯಾಮೆರಾಗೆ 24 ಎಂಎಂ ಲೆನ್ಸ್ ಹಾಕಿದಾಗ ಸಿಗುವ ಅಗಲ, ಅದೇ ಜಾಗದಿಂದ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾಗಳಾದ ಅಲೆಕ್ಸಾ ಮಿನಿ ಎಲ್‌ಎಫ್ ಅಥವಾ ಸೋನಿ ವೆನಿಸ್‌ನಲ್ಲಿ 35 ಎಂಎಂಗೆ ಹತ್ತಿರ ಹತ್ತಿರ ಸಿಗುತ್ತದೆ. ದೂರದ ಅಂದಾಜು, ಮುಖದ ಆಕಾರ ಬದಲಾಗುವುದಿಲ್ಲ. ಅದು ಕ್ಯಾಮೆರಾ ಎಲ್ಲಿಟ್ಟಿದ್ದೀರಿ ಅನ್ನೋದರ ಮೇಲೆ ಇರುತ್ತದೆ. ಬದಲಾಗುವುದು ಹಿನ್ನೆಲೆಯ ಮಸುಕು. ಟಿ2ಗೆ ತೆರೆದು (ಟಿ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ) ಆ ಕಮಾನುಗಳನ್ನೆಲ್ಲ ಕರಗಿಸಿಬಿಟ್ಟರೆ ಅಷ್ಟು ದೂರ ಹೋಗಿ ಶೂಟ್ ಮಾಡಿದ್ದಕ್ಕೆ ಅರ್ಥವೇ ಇಲ್ಲ ಅಲ್ವಾ? ಸೂಪರ್ 35ನಲ್ಲಿ ಟಿ4 ಕೊಡುವಷ್ಟು ಶಾರ್ಪ್ ಆಗಿರುವ ಆಳ ಬೇಕಾದರೆ ಲಾರ್ಜ್ ಫಾರ್ಮ್ಯಾಟ್‌ನಲ್ಲಿ ಟಿ5.6 ಅಥವಾ ಅದಕ್ಕೂ ಸ್ವಲ್ಪ ಜಾಸ್ತಿ ಬೇಕು. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ ಬೆಳಕು. ಒಳಗೆ ಲೈಟ್ ಇಡಲು ಜಾಗ ಇಲ್ಲದಿದ್ದರೆ ವೆನಿಸ್‌ನ ಎರಡನೇ ಬೇಸ್ ಐಎಸ್‌ಒ 2500 (ಕಡಿಮೆ ಬೆಳಕಿಗೆ ಇರುವ ಹೆಚ್ಚಿನ ಸೂಕ್ಷ್ಮತೆ) ತುಂಬಾ ಸಹಾಯಕ್ಕೆ ಬರುತ್ತದೆ. ಪುರಾತತ್ವ ಇಲಾಖೆಯ ಅನುಮತಿಗೆ ಸಾಕಷ್ಟು ಮುಂಚೆ ಅರ್ಜಿ ಹಾಕಿ, ಅದಿಲ್ಲದೆ ಟ್ರೈಪಾಡ್ ಇಳಿಸಲೇಬೇಡಿ.

ಕ್ಲೋಸಪ್‌ಗೆ ಇನ್ನೂ ಎಚ್ಚರ ಬೇಕು. 75 ಎಂಎಂ, 2.8, ಎರಡು ಮೀಟರ್ ದೂರ: ಶಾರ್ಪ್ ಆಗಿರುವುದು ಸುಮಾರು 12 ಸೆಂಟಿಮೀಟರ್ ಮಾತ್ರ. ನಟ ಸ್ವಲ್ಪ ಮುಂದೆ ಬಾಗಿದರೆ ಕಣ್ಣು ಹೋಯ್ತು. ಒಳ್ಳೆ ಫೋಕಸ್ ಪುಲ್ಲರ್ ಇಲ್ಲದೆ ಈ ಕ್ಯಾಮೆರಾ ತರಬೇಡಿ, ಕ್ಯಾಮೆರಾ ಬಾಡಿಗೆಯಲ್ಲಿ ದುಡ್ಡು ಉಳಿಸಿ, ಅದನ್ನು ಒಳ್ಳೆ ಕೆಲಸಗಾರರಿಗೆ ಕೊಡಿ.

ಲೆನ್ಸ್ ಸೆನ್ಸರ್ ಪೂರ್ತಿ ತುಂಬಬೇಕು. ಮಿನಿ ಎಲ್‌ಎಫ್‌ನ ಓಪನ್ ಗೇಟ್ (ಸೆನ್ಸರ್ ಪೂರ್ತಿ ಬಳಸುವ ಮೋಡ್) ಮೂಲೆಯಿಂದ ಮೂಲೆಗೆ 44.7 ಎಂಎಂ. ಹಳೆಯ ಸೂಪರ್ 35 ಲೆನ್ಸ್ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ. ಅಂಗಡಿಯಲ್ಲೇ ಬಿಳಿ ಗೋಡೆಗೆ ಹಿಡಿದು ನೋಡಿ.

ಇನ್ನು ಹೊರಗೆ. ಬೀದರ್ ಹತ್ತಿರ ಅಷ್ಟೂರಿನ ಬಹಮನಿ ಗುಮ್ಮಟಗಳ ಮುಂದೆ ನೇರ ಬಿಸಿಲು, ಐಎಸ್‌ಒ 800, ಶಟರ್ 1/50 ಇದ್ದಾಗ 5.6ರಲ್ಲಿ ನಿಲ್ಲಲು ಏಳು ಸ್ಟಾಪ್ ಬೆಳಕು ಕತ್ತರಿಸಬೇಕು, ಅಂದರೆ ಎನ್‌ಡಿ (ಬೆಳಕು ಕಡಿಮೆ ಮಾಡುವ ಫಿಲ್ಟರ್) 2.1, ಒಂದು ಸ್ಟಾಪ್‌ಗೆ 0.3ರ ಲೆಕ್ಕ. ಮಿನಿ ಎಲ್‌ಎಫ್ ಒಳಗಿನ ಎನ್‌ಡಿ 1.8ಕ್ಕೇ ಮುಗಿಯುತ್ತದೆ, ಲೆನ್ಸ್ ಮುಂದೆ ಫಿಲ್ಟರ್ ಹಿಡಿಯುವ ಮ್ಯಾಟ್ ಬಾಕ್ಸ್‌ಗೆ 0.3 ಬೇರೆ ತನ್ನಿ. ವೆನಿಸ್‌ನಲ್ಲಿ 2.4ರವರೆಗೆ ಒಳಗೇ ಇದೆ. ಟ್ಯೂಬ್‌ಲೈಟ್ ಇರುವ ಮನೆಯೊಳಗೆ 24 ಫ್ರೇಮ್‌ನಲ್ಲಿ ತೆಗೆಯುವಾಗ ಶಟರ್ 172.8 ಡಿಗ್ರಿ, ಅಂದರೆ 1/50 ಸೆಕೆಂಡ್ ಇಡಿ, ನಮ್ಮ 50 ಹರ್ಟ್ಜ್ ಕರೆಂಟಿಗೆ ಮಿನುಗು ಬರುವುದಿಲ್ಲ.

ಮಿನಿ ಎಲ್‌ಎಫ್‌ಗೆ ಕಂಪನಿ ಹೇಳುವ ಬಿಸಿಯ ಮಿತಿ 45 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳ ಕಲಬುರಗಿ ಅದರ ಹತ್ತಿರಕ್ಕೇ ಹೋಗುತ್ತದೆ, ಕಪ್ಪು ಬಾಡಿ ಬಿಸಿಲಲ್ಲಿ ಇನ್ನೂ ಕಾಯುತ್ತದೆ. ಶಾಟ್ ಇರಲಿ ಬಿಡಲಿ, ಕ್ಯಾಮೆರಾ ಮೇಲೆ ದೊಡ್ಡ ಕೊಡೆ ಇರಲೇಬೇಕು, ಅದಕ್ಕೆ ಒಬ್ಬ ಹುಡುಗನನ್ನು ನಿಲ್ಲಿಸಿ. ವ್ಯೂಫೈಂಡರ್ ಸೂರ್ಯನ ಕಡೆ ತಿರುಗಿಸಿ ಬಿಡಬೇಡಿ, ಒಳಗಿನ ಪರದೆ ಸುಡುತ್ತದೆ. ಬ್ಯಾಟರಿ ಕಾರಿನಲ್ಲಿ ಬಿಡಬೇಡಿ. ಹನ್ನೆರಡರಿಂದ ಮೂರರವರೆಗೆ ಹೊರಗಿನ ಶಾಟ್ ಇಟ್ಟುಕೊಳ್ಳದಿದ್ದರೆ ಜನಕ್ಕೂ ಒಳ್ಳೆಯದು.

ಕೊನೆಗೆ ಡೇಟಾ. ಮಿನಿ ಎಲ್‌ಎಫ್‌ನಲ್ಲಿ ಓಪನ್ ಗೇಟ್ ಅರಿರಾ (ಕಂಪನಿಯ ರಾ ಫೈಲ್ ಮಾದರಿ) 24 ಫ್ರೇಮ್‌ನಲ್ಲಿ ಒಂದು ಟೆರಾಬೈಟ್ ಡ್ರೈವ್ ಅರ್ಧ ಗಂಟೆಗೆಲ್ಲ ತುಂಬುತ್ತದೆ. ಎರಡು ಬೇರೆ ಡಿಸ್ಕ್‌ಗೆ ಕಾಪಿಯಾಗಿ, ಚೆಕ್‌ಸಮ್ (ಕಾಪಿ ಮೂಲದಂತೆಯೇ ಇದೆಯಾ ಅನ್ನೋ ಪರೀಕ್ಷೆ) ಸರಿ ಬಂದ ಮೇಲೇ ಕ್ಯಾಮೆರಾ ಡ್ರೈವ್ ಫಾರ್ಮ್ಯಾಟ್ ಮಾಡಿ. ಆ ಡಿಸ್ಕ್‌ಗಳನ್ನು ಒಂದೇ ಗಾಡಿಯಲ್ಲಿ ಕಳಿಸಬೇಡಿ.